ಉಜಿರೆಯ ತರಬೇತಿ, ಬ್ಯಾಂಕಿನ ಸಾಲ ಮತ್ತು ನಮ್ಮೂರಿನ ಸೋಲಾರ್ ಅಂಗಡಿ

ಮೊನ್ನೆ ಅಕ್ಕನ ಮಗ ಊರಿಂದ ಫೋನ್ ಮಾಡಿದ್ದ. ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಮುಗಿಸಿ, ಮೇಲಿಂದ ಮೂರು ತಿಂಗಳ ಸೋಲಾರ್ ತರಬೇತಿಯನ್ನೂ ಮಾಡಿಕೊಂಡ ಹುಡುಗ. ಆಮೇಲೆ ಒಬ್ಬ ಕಂತ್ರಾಟುದಾರರ ಜೊತೆ ಎಂಟು ತಿಂಗಳು ಮನೆಮನೆಯ ಮಾಡು ಹತ್ತಿ ಪ್ಯಾನೆಲ್ ಕೂರಿಸಿದ್ದಾನೆ. ಕೊನೆಯ ಎರಡು ತಿಂಗಳ ಸಂಬಳ ಇನ್ನೂ ಬಂದಿಲ್ಲ.

"ಮಾವ, ನಾನೇ ಒಂದು ಸೋಲಾರ್ ಅಂಗಡಿ ಹಾಕಿದ್ರೆ ಹೇಗೆ? ಸರ್ಟಿಫಿಕೇಟ್ ಉಂಟಲ್ಲ. ಐದು ಲಕ್ಷ ಸಾಲ ತೆಗೆದ್ರೆ ಸಾಕಾದೀತಾ?" ಅಂತ ಕೇಳಿದ.

"ನೋಡಿ ಹೇಳ್ತೇನೆ ಮಾರಾಯ" ಅಂದು ಫೋನಿಟ್ಟೆ. ಅಂಗಡಿ ಹಾಕಿ ಗೊತ್ತಿಲ್ಲದ ನಾನು ಏನು ಹೇಳುವುದು? ಆದರೆ ನಮ್ಮ ಬೆಳ್ತಂಗಡಿ ಕಡೆ ತರಬೇತಿ ಪಡೆದು ಸೋಲಾರ್ ಕೆಲಸದಲ್ಲೇ ಬದುಕು ಕಟ್ಟಿಕೊಂಡ ಒಬ್ಬರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಹೇಗೆ ನಿಂತರು ಅಂತ ಯೋಚಿಸುತ್ತಾ ಹೋದರೆ ಅದು ಅವರೊಬ್ಬರ ಕಥೆಯಾಗಿ ಉಳಿಯಲಿಲ್ಲ. ಸುಮಾರು ಹಿಂದಿನಿಂದಲೇ ಶುರು ಮಾಡಬೇಕಾಯಿತು. ಹಾಗಾಗಿ ಈ ಉದ್ದದ ಬರಹ, ಸಹಿಸಿಕೊಳ್ಳಿ :-)

ನಮ್ಮ ಮನೆಗೆ ಸೋಲಾರ್ ದೀಪ ಬಂದದ್ದು 1998ರಲ್ಲಿ. ಮುಖ್ಯ ರಸ್ತೆಯಿಂದ ಮೂರು ಮೈಲಿ ಒಳಗೆ, ತೋಟದ ನಡುವೆ ಮನೆ. ಕಂಬ ಬರುತ್ತದೆ ಬರುತ್ತದೆ ಅಂತ ಪ್ರತಿ ಚುನಾವಣೆಗೂ ಕೇಳಿ ಸಾಕಾಗಿ ಅಪ್ಪ ಬ್ಯಾಂಕಿನಲ್ಲಿ ಸಾಲ ತೆಗೆದು ನಾಲ್ಕು ದೀಪದ ಸೆಟ್ ಹಾಕಿಸಿದರು. ಕೂರಿಸಿ ಹೋದವರು ಪೇಟೆಯ ಒಂದು ಕಂಪನಿಯವರು. ಬೇಸಿಗೆಯಲ್ಲಿ ದೀಪ ಚೆನ್ನಾಗಿಯೇ ಉರಿಯಿತು. ಆಟಿ ತಿಂಗಳು ಬಂದದ್ದೇ ತಡ, ಸಂಜೆ ಏಳೂವರೆಗೆಲ್ಲ ಕೆಂಪು ಲೈಟು ಬಂದು ಎಲ್ಲಾ ಬಂದ್. ಕಂಪನಿಗೆ ಎರಡು ಕಾಗದ, ಮೂರು ಎಸ್‌ಟಿಡಿ ಕಾಲ್. ಯಾರೂ ಬರಲಿಲ್ಲ. ಅಜ್ಜಿ ಚಿಮಣಿ ದೀಪವನ್ನು ಅಟ್ಟದಿಂದ ಕೆಳಗಿಳಿಸಿದರು. ಸಾಲದ ಕಂತು ಮಾತ್ರ ತಪ್ಪದೆ ಹೋಗುತ್ತಿತ್ತು.

ಕೊನೆಗೆ ಬಂದದ್ದು ಆಚೆ ಊರಿನ ರೇಡಿಯೊ ರಿಪೇರಿ ಅಣ್ಣ. ಉಜಿರೆಯಲ್ಲಿ ರೇಡಿಯೊ, ಟೀವಿ ರಿಪೇರಿ ತರಬೇತಿ ಮಾಡಿ ಪೇಟೆಯ ಮೂಲೆಯಲ್ಲಿ ಒಂದು ಗೂಡಂಗಡಿ ಇಟ್ಟಿದ್ದರು. ಸೋಲಾರ್ ಬಗ್ಗೆ ಅವರಿಗೂ ಆಗ ಹೆಚ್ಚೇನೂ ಗೊತ್ತಿರಲಿಲ್ಲ. ಮೀಟರ್ ಹಿಡಿದು ನೋಡಿದರು, ಬ್ಯಾಟರಿಯ ಮುಚ್ಚಳ ತೆಗೆದು ನೋಡಿದರು. ನೀರು ಪ್ಲೇಟಿಗಿಂತ ಕೆಳಗೆ ಇಳಿದಿತ್ತು. ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅಂಗಳಕ್ಕೆ ಬಂದು ಮೇಲೆ ನೋಡಿ, "ಭಟ್ರೇ, ಆ ಹಲಸಿನ ಗೆಲ್ಲು ಕಡೀಬೇಕಲ್ಲ" ಅಂದರು. ಮಧ್ಯಾಹ್ನ ಎರಡರ ಮೇಲೆ ಪ್ಯಾನೆಲ್ಲಿನ ಒಂದು ಮೂಲೆಗೆ ಅದರ ನೆರಳು. ಒಂದು ಮೂಲೆ ತಾನೇ ಅಂತ ಅಪ್ಪ ಅಂದರು. ಒಳಗೆ ಸೆಲ್ಲುಗಳೆಲ್ಲ ಮಾಲೆಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಒಂದಕ್ಕೆ ನೆರಳು ಬಿದ್ದರೆ ಇಡೀ ಸಾಲಿಗೆ ಪೆಟ್ಟು ಅಂತ ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಗೆಲ್ಲು ಕಡಿಸಿದೆವು. ದೀಪ ಬಂತು.

ಒಂದು ವರ್ಷದೊಳಗೆ ಆ ಅಣ್ಣ ನಮ್ಮ ಸುತ್ತಿನ ನಲವತ್ತು ಮನೆಗಳ ಸೋಲಾರ್ ನೋಡಿಕೊಳ್ಳುತ್ತಿದ್ದರು. ಆಮೇಲೆ ಅವರೇ ಮಾರಲಿಕ್ಕೂ ಶುರು ಮಾಡಿದರು.

ಇಲ್ಲಿ ಉಜಿರೆಯ ವಿಷಯ ಸ್ವಲ್ಪ ಹೇಳಬೇಕು. ಊರಿನ ನಿರುದ್ಯೋಗಿ ಯುವಕರಿಗೆ ಕಸುಬು ಕಲಿಸಿದರೆ ಅವರೇ ದುಡಿದುಕೊಳ್ಳುತ್ತಾರೆ ಎಂಬ ಯೋಚನೆ ಸರಕಾರಕ್ಕೆ ಮೊದಲೇ ಬಂದಿತ್ತು. 1979ರ ಆಗಸ್ಟ್ 15ರಂದು ಕೇಂದ್ರ ಸರಕಾರ 'ಟ್ರೈಸೆಮ್' ಯೋಜನೆ ಶುರು ಮಾಡಿತು. 18ರಿಂದ 35 ವರ್ಷದ ಗ್ರಾಮೀಣ ಯುವಜನರಿಗೆ ತರಬೇತಿ, ವರ್ಷಕ್ಕೆ 2 ಲಕ್ಷ ಜನರ ಗುರಿ. ಲೆಕ್ಕಕ್ಕೆ ಜನ ಸಿಕ್ಕಿದರು, ಸ್ಟೈಪೆಂಡೂ ಹೋಯಿತು, ಆದರೆ ಕಲಿತವರಲ್ಲಿ ಬಹಳ ಮಂದಿ ಆ ಕಸುಬು ಹಿಡಿಯಲೇ ಇಲ್ಲ. 1999ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿಬಿಟ್ಟರು.

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ದಾರಿಯೇ ಬೇರೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ಮಾಡಿದ್ದು. ಊಟ, ವಸತಿ, ಪಾಠ ಎಲ್ಲ ಉಚಿತ. ಕೆಲವೇ ವಾರಗಳ ತರಬೇತಿ. ಬೆಳಿಗ್ಗೆ ಎದ್ದು ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು ಅಂತ ಎಲ್ಲರೆದುರು ಹೇಳಬೇಕು. ಕಸುಬಿನ ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಯ ಹತ್ತಿರ ಮಾತಾಡುವುದು, ಬ್ಯಾಂಕಿಗೆ ಹೋಗುವುದು ಎಲ್ಲ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಹುಡುಗ ಏನು ಮಾಡುತ್ತಿದ್ದಾನೆ, ಯಾಕೆ ಮಾಡುತ್ತಿಲ್ಲ ಅಂತ ಬೆನ್ನು ಹತ್ತಿ ವಿಚಾರಿಸುವುದು ಪಾಠದಷ್ಟೇ ಮುಖ್ಯ ಕೆಲಸ.

ಅಲ್ಲಿನ ಒಂದು ಆಟದ ಬಗ್ಗೆ ರೇಡಿಯೊ ಅಣ್ಣ ಹೇಳಿದ್ದು ಕೇಳಿ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆ. ಎಷ್ಟು ದೂರದಿಂದ ಬೇಕಾದರೂ ಎಸೆಯಬಹುದು. ದೂರ ಹೋದಷ್ಟು ಅಂಕ ಜಾಸ್ತಿ. ಕೆಲವರು ಗೂಟದ ಬುಡದಲ್ಲೇ ನಿಂತು ಹಾಕುತ್ತಾರೆ, ಕೆಲವರು ಗೋಡೆಗೆ ಬೆನ್ನು ಕೊಟ್ಟು ದೇವರ ಮೇಲೆ ಭಾರ ಹಾಕಿ ಎಸೆಯುತ್ತಾರೆ. ತನ್ನ ಕೈಯಳತೆ ಎಷ್ಟು ಅಂತ ಎರಡು ಸಲ ನೋಡಿಕೊಂಡು, ಮೂರನೇ ಸಲಕ್ಕೆ ಒಂದು ಹೆಜ್ಜೆ ಹಿಂದೆ ಸರಿಯುವವನು ವ್ಯಾಪಾರಕ್ಕೆ ಆದೀತು ಅಂತ ಅದರ ಅರ್ಥ. ಈ ಆಟದ ಬೇರು ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರದ್ದು. ಅವರು 1964ರಲ್ಲಿ ಹೈದರಾಬಾದಿನ ಒಂದು ಸಂಸ್ಥೆಯ ಜೊತೆ ಸೇರಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಹುಟ್ಟಿಸುವ ತರಬೇತಿ ಕೊಟ್ಟು, ಆಮೇಲೆ ಅವರ ವ್ಯವಹಾರ ಬೆಳೆದದ್ದನ್ನು ಲೆಕ್ಕ ಹಾಕಿ ಪುಸ್ತಕವನ್ನೇ ಬರೆದರು. ದೇಶದ ಉದ್ಯಮ ತರಬೇತಿಗಳಲ್ಲೆಲ್ಲ ಆ ಬಳೆ, ಆ ಗೂಟ ಹಾಗೇ ಉಳಿದುಬಂದಿದೆ.

ರುಡ್‌ಸೆಟ್ ಆಮೇಲೆ 17 ರಾಜ್ಯಗಳಲ್ಲಿ 27 ಸಂಸ್ಥೆಗಳಾಗಿ ಬೆಳೆಯಿತು. 2009ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಆರ್‌ಸೆಟಿಗಳನ್ನು ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಈಗ ಅವು ಐನೂರಕ್ಕೂ ಹೆಚ್ಚು.

ಇಷ್ಟಾದರೂ ನಮ್ಮ ಅಣ್ಣನ ತರಬೇತಿ ರೇಡಿಯೊದ್ದು, ಸೋಲಾರಿನದ್ದಲ್ಲ. ಸೋಲಾರ್ ವ್ಯಾಪಾರ ಊರಿಗೆ ಬಂದ ದಾರಿ ಇನ್ನೊಂದು. ಅದಕ್ಕೆ ಸಾವಿರಾರು ಮೈಲಿ ಆಚೆ ಹೋಗಬೇಕು.

ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 1984ರಲ್ಲಿ ರಿಚರ್ಡ್ ಹ್ಯಾನ್ಸನ್ ಎಂಬ ಅಮೆರಿಕದ ಎಂಜಿನಿಯರ್ ಹಳ್ಳಿಯ ಮನೆಗಳಿಗೆ ಪುಟ್ಟ ಪುಟ್ಟ ಸೋಲಾರ್ ಹಾಕಿಸುವ ಕೆಲಸ ಶುರು ಮಾಡಿದರು. ಎನರ್ಸೋಲ್ ಅಂತ ಅವರ ಸಂಸ್ಥೆಯ ಹೆಸರು. ಅವರು ಮಾಡಿದ್ದು ಎರಡು ಕೆಲಸ. ಊರಿನ ಹುಡುಗರಿಗೆ ಕೂರಿಸುವುದು, ರಿಪೇರಿ ಮಾಡುವುದು ಕಲಿಸಿದರು. ಕೊಳ್ಳುವ ಮನೆಯವರಿಗೆ ಕಂತಿನಲ್ಲಿ ತೀರಿಸುವಂತೆ ಸಣ್ಣ ಸಾಲದ ನಿಧಿ ಮಾಡಿದರು. ಕಲಿತ ಹುಡುಗರೇ ಆಮೇಲೆ ಮಾರುವವರೂ ಆದರು. ಹತ್ತಿರ ಹತ್ತಿರ ಅದೇ ಹೊತ್ತಿಗೆ ಕೆನ್ಯಾದ ಮೇರು ಪ್ರದೇಶದಲ್ಲಿ ಹೆರಾಲ್ಡ್ ಬರಿಸ್ ಎಂಬವರು ಒಂದು ಶಾಲೆಗೆ ಸೋಲಾರ್ ಹಾಕುವ ನೆಪದಲ್ಲಿ ಊರಿನ ಎಲೆಕ್ಟ್ರಿಶಿಯನ್ನರಿಗೆ ಕಲಿಸಿದರು. ಅವರಲ್ಲಿ ಕೆಲವರು ಸುತ್ತಲಿನ ಚಹಾ, ಕಾಫಿ ಬೆಳೆಗಾರರ ಮನೆಗಳಿಗೆ ಹಾಕುತ್ತಾ ವ್ಯಾಪಾರವನ್ನೇ ಬೆಳೆಸಿದರು. ಅಲ್ಲಿ ಬೆಳೆಗಾರರ ಕೈಯಲ್ಲಿ ನಗದು ಇತ್ತು, ಹಾಗಾಗಿ ಸಾಲವಿಲ್ಲದೆಯೂ ನಡೆಯಿತು. ಬಡವರ ಮನೆ ಮಾತ್ರ ಕತ್ತಲಲ್ಲೇ ಉಳಿಯಿತು.

ಡೊಮಿನಿಕನ್ ಹಳ್ಳಿಯ ಆ ಕೆಲಸವನ್ನು 1991ರಲ್ಲಿ ನೋಡಲು ಹೋದವರಲ್ಲಿ ಹರೀಶ್ ಹಂದೆ ಒಬ್ಬರು. ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕದಲ್ಲಿ ಸೌರಶಕ್ತಿಯ ಮೇಲೆ ಸಂಶೋಧನೆ ಮಾಡುತ್ತಿದ್ದವರು. ಬಡವರು ಹಣ ಕೊಟ್ಟು ಸೋಲಾರ್ ಉಪಯೋಗಿಸುವುದನ್ನು ಕಣ್ಣಾರೆ ಕಂಡು ತಮ್ಮ ಸಂಶೋಧನೆಯ ವಿಷಯವನ್ನೇ ಬದಲಿಸಿ ಶ್ರೀಲಂಕಾದ, ಆಮೇಲೆ ಕರ್ನಾಟಕದ ಹಳ್ಳಿಗಳಿಗೆ ಬಂದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಸೆಲ್ಕೋ ಶುರು ಮಾಡಿದರು. ಕಂಪನಿಯ ಆರಂಭದ ಗಿರಾಕಿಗಳು ನಮ್ಮ ದಕ್ಷಿಣ ಕನ್ನಡದ ಕಡೆಯವರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಹೆಚ್ಚಿನವರಿಗೆ ಗೊತ್ತು.

ಹಂದೆಯವರು ಹಲವು ಭಾಷಣಗಳಲ್ಲಿ ಒಂದು ಸಂಗತಿ ಹೇಳುತ್ತಾರೆ. ಬೀದಿಬದಿಯ ವ್ಯಾಪಾರಿ ಹೆಂಗಸೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ದುಬಾರಿ, ದಿನಕ್ಕೆ 10 ರೂಪಾಯಿ ಅಂದರೆ ಅಡ್ಡಿಯಿಲ್ಲ. ಲೆಕ್ಕ ಒಂದೇ, ಆದರೆ ಅವರ ಕೈಗೆ ಹಣ ಬರುವುದು ದಿನದಿನಕ್ಕೆ. ಈ ಮಾತು ಹೊರಗಿನವರಿಗೆ ಹೊಸದು. ನಮ್ಮ ಕರಾವಳಿಯವರಿಗೆ ಹಾಗಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿತ್ತು. ಮೀನು ಮಾರುವವರು, ಬೀಡಿ ಕಟ್ಟುವವರು, ಹೋಟೆಲಿನ ಮಾಣಿಗಳು ಎಲ್ಲರಿಗೂ ಪಿಗ್ಮಿ ಪುಸ್ತಕ ಇತ್ತು. ಬಡವರ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಬಲ್ಲ ಬ್ಯಾಂಕಿನವರು ಈ ಊರುಗಳಲ್ಲಿ ಇದ್ದರು. (ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡು ಬದಲಾದ ದಿನ ನಮ್ಮಪ್ಪ ಒಂದು ಹೊತ್ತು ಸುಮ್ಮನೆ ಕೂತಿದ್ದರು.)

ಅಂಥ ಬ್ಯಾಂಕಿನವರೂ ಸೋಲಾರಿಗೆ ಸಾಲ ಅಂದರೆ ಹಿಂದೆ ಮುಂದೆ ನೋಡಿದ್ದು ನಿಜ. ದೀಪ ಆದಾಯ ತರುವ ವಸ್ತುವೇ ಅಲ್ಲ, ಸಾಲ ತೀರುವುದು ಹೇಗೆ? ಇಲ್ಲಿ ಒಂದು ತಮಾಷೆ ನೋಡಿ. ನಾವು ತರಬೇತಿ ಅಂದಕೂಡಲೇ ಹುಡುಗರಿಗೆ ಅಂತಲೇ ಯೋಚಿಸುತ್ತೇವೆ. ಸೋಲಾರ್ ವಿಷಯದಲ್ಲಿ ಬ್ಯಾಂಕ್ ಮ್ಯಾನೇಜರುಗಳಿಗೂ ಪಾಠ ಮಾಡಬೇಕಾಯಿತು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಅವರನ್ನು ಕೂರಿಸಿ ಪ್ಯಾನೆಲ್ ಅಂದರೇನು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಸೀಮೆಎಣ್ಣೆಗೆ ಹೋಗುತ್ತಿದ್ದ ಹಣದಲ್ಲೇ ಕಂತು ಹೇಗೆ ಕಟ್ಟಬಹುದು ಅಂತ ಕಲಿಸಿತು. ಗ್ರಾಮೀಣ ಬ್ಯಾಂಕುಗಳೂ ಸಾಲ ಕೊಡಲು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿಯನ್ನು ಶೇಕಡಾ 12ರ ಆಸುಪಾಸಿನಿಂದ ಮೊದಮೊದಲು 5ಕ್ಕೆ ಇಳಿಸಿದರು. ಕೆಲವೇ ವರ್ಷಗಳಲ್ಲಿ 18 ಸಾವಿರ ಮನೆಗಳಾದರೂ ಆ ಸಾಲದಲ್ಲಿ ದೀಪ ಕಂಡವು.

ಈಗ ರೇಡಿಯೊ ಅಣ್ಣನಿಗೆ ವಾಪಸು ಬರೋಣ. ಅವರು ಅಂಗಡಿಗೆ ಅಂತ ದೊಡ್ಡ ಸಾಲ ಮಾಡಿದವರೇ ಅಲ್ಲ. ಸಾಲ ಸಿಕ್ಕಿದ್ದು ಅವರ ಗಿರಾಕಿಗಳಿಗೆ! ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಕೂಲಿ ಮಾಡುವ ಮನೆಯವರು ಬ್ಯಾಂಕಿಗೆ ಹೋಗುತ್ತಾರೆ, ಅಣ್ಣ ಕೊಟೇಶನ್ ಬರೆದು ಕೊಡುತ್ತಾರೆ, ಮ್ಯಾನೇಜರು ನೇರ ಅಣ್ಣನ ಖಾತೆಗೆ ಹಣ ಹಾಕುತ್ತಾರೆ. ಉದ್ರಿ ಇಲ್ಲ. ಮ್ಯಾನೇಜರಿಗೆ ಧೈರ್ಯ ಬಂದದ್ದು ಹೇಗೆ? ದೀಪ ಕೆಟ್ಟರೆ ಮರುದಿನ ಸೈಕಲ್ಲಿನಲ್ಲಿ ಹೋಗಿ ಸರಿ ಮಾಡುವವನು ಊರಲ್ಲೇ ಇದ್ದಾನೆ ಅಂತ. ದೀಪ ಉರಿಯುತ್ತಿದ್ದರೆ ಜನ ಕಂತು ಕಟ್ಟುತ್ತಾರೆ, ಉರಿಯದಿದ್ದರೆ ನಮ್ಮಪ್ಪನ ಹಾಗಿನವರನ್ನು ಬಿಟ್ಟು ಬೇರೆ ಯಾರೂ ಕಟ್ಟುವುದಿಲ್ಲ. ಹಾಗಾಗಿ ರಿಪೇರಿಯವನೇ ಬ್ಯಾಂಕಿಗೆ ಜಾಮೀನು ಇದ್ದ ಹಾಗೆ.

ಅವರು ಲೆಕ್ಕ ಹಾಕುವ ರೀತಿಯೂ ಚಂದ. ನಾಲ್ಕು ದೀಪ, ಒಂದೊಂದು 7 ವಾಟ್, ದಿನಕ್ಕೆ ನಾಲ್ಕು ಗಂಟೆ. ಒಟ್ಟು 112 ವಾಟ್-ಗಂಟೆ. 12 ವೋಲ್ಟಿನ 60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 720 ಇರುತ್ತದೆ, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಉಳಿದ 360ರಲ್ಲಿ ಮೂರು ದಿನ ಬಿಸಿಲಿಲ್ಲದೆ ತಳ್ಳಬಹುದು. "ನಮ್ಮಲ್ಲಿ ಮಳೆ ಮೂರೇ ದಿನ ಬಂದು ಹೋಗ್ತದಾ? ಆಟಿಯಲ್ಲಿ ಎರಡೇ ದೀಪ ಹಾಕಿ ಅಂತ ಮೊದಲೇ ಹೇಳಿ ಇಡ್ಬೇಕು" ಅನ್ನುತ್ತಿದ್ದರು. ಹಾಗೆ ಮೊದಲೇ ಹೇಳಿದ್ದಕ್ಕೆ ಜುಲೈಯಲ್ಲಿ ಬೈಸಿಕೊಳ್ಳುವುದು ತಪ್ಪುತ್ತಿತ್ತು. ಈ ಮಾತು ಯಾವ ಪಠ್ಯದಲ್ಲೂ ಇರಲಿಕ್ಕಿಲ್ಲ.

ಕಾಲ ಹಾಗೇ ಇರಲಿಲ್ಲ ಬಿಡಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂದು ಸಬ್ಸಿಡಿಯ ಮಾತು ಎದ್ದಾಗ ನಮ್ಮೂರಿನವರು ಅದು ಬರಲಿ ಅಂತ ಕಾದು ಕೂತರು, ಅಣ್ಣನಿಗೆ ವ್ಯಾಪಾರವೇ ಇಲ್ಲದ ತಿಂಗಳುಗಳಿದ್ದವು. ಎಲ್‌ಇಡಿ ಬಂತು. ಕಂಬಗಳೂ ಬಂದವು. 2017ರ ಸೌಭಾಗ್ಯ ಯೋಜನೆ ಹೊತ್ತಿಗೆ ನಾಲ್ಕು ದೀಪದ ಸೆಟ್ಟಿಗೆ ಕೇಳುವವರಿರಲಿಲ್ಲ. ಅಣ್ಣ ಅಷ್ಟರಲ್ಲಿ ಇನ್ವರ್ಟರ್ ಬ್ಯಾಟರಿ, ಸೋಲಾರ್ ವಾಟರ್ ಹೀಟರ್ ಕಡೆ ತಿರುಗಿದ್ದರು. ಗಿರಾಕಿಗಳು ಅವರೇ, ವಸ್ತು ಮಾತ್ರ ಬೇರೆ.

ಇನ್ನು ನನ್ನ ಅಳಿಯ ಮಾಡಿದಂಥ ತರಬೇತಿ. 2015ರಲ್ಲಿ ಕೇಂದ್ರ ಸರಕಾರ 'ಸೂರ್ಯಮಿತ್ರ' ಅಂತ ಮೂರು ತಿಂಗಳ ಉಚಿತ ವಸತಿ ತರಬೇತಿ ಶುರು ಮಾಡಿ, 2020ರ ಹೊತ್ತಿಗೆ 50 ಸಾವಿರ ಜನರನ್ನು ತಯಾರು ಮಾಡುವ ಗುರಿ ಇಟ್ಟಿತು. ಪಾಠ ಕೆಟ್ಟದ್ದೇನಲ್ಲ, ಹುಡುಗನ ಕೈಕೆಲಸ ನಾನೇ ನೋಡಿದ್ದೇನೆ. ಆದರೆ ಅದರ ಮುಖ್ಯ ನೋಟ ಸಂಬಳದ ಕೆಲಸದ ಕಡೆಗೆ. 13 ಸಾವಿರ ಎಕರೆಯ, 2,050 ಮೆಗಾವಾಟಿನ ಪಾವಗಡದಂಥ ಪಾರ್ಕುಗಳು ಬಂದ ಕಾಲದಲ್ಲಿ ಅದು ಸಹಜವೇ. ಉಜಿರೆಯ ಹಾಗೆ ಬೆನ್ನು ಹತ್ತಿ ವಿಚಾರಿಸುವವರು, ಬ್ಯಾಂಕಿಗೆ ಕರೆದುಕೊಂಡು ಹೋಗುವವರು ಇವನಿಗೆ ಸಿಗಲಿಲ್ಲ. ಸರ್ಟಿಫಿಕೇಟ್ ಸಿಕ್ಕಿತು, ಅದನ್ನು ಅಕ್ಕ ಫ್ರೇಮ್ ಹಾಕಿಸಿದ್ದಾಳೆ.

2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಿಂದ ಊರಲ್ಲಿ ಮತ್ತೆ ಸೋಲಾರಿನ ಮಾತು. ಒಂದು ಕೋಟಿ ಮನೆಯ ಗುರಿ, 3 ಕಿಲೋವಾಟಿಗೆ 78 ಸಾವಿರ ಸಬ್ಸಿಡಿ. ಗಿರಾಕಿಗೆ ಬ್ಯಾಂಕ್ ಸಾಲವೂ ಉಂಟು, ಅದು ಹಳೆಯ ಪಾಠವೇ. ಆದರೆ ಕೂರಿಸುವವರು ನೋಂದಾಯಿತ ವೆಂಡರ್ ಆಗಬೇಕು, ಅದಕ್ಕೆ ಬ್ಯಾಂಕ್ ಗ್ಯಾರಂಟಿ, ಕಾಗದಪತ್ರ. ಇಪ್ಪತ್ತಮೂರರ ಹುಡುಗ ಮೊದಲ ದಿನವೇ ಅಲ್ಲಿಗೆ ಹಾರಿದರೆ ಅದು ಗೋಡೆಗೆ ಬೆನ್ನು ಕೊಟ್ಟು ಬಳೆ ಎಸೆದ ಹಾಗೆ.

ಇದನ್ನೇ ಫೋನಿನಲ್ಲಿ ಹೇಳಿದೆ. ಐದು ಲಕ್ಷ ಈಗ ಬೇಡ. ಅಂಗಡಿಯೂ ಈಗಲೇ ಬೇಡ. ಸುತ್ತ ಹತ್ತು ಮೈಲಿಯಲ್ಲಿ ಕೆಟ್ಟು ಕೂತದ್ದು ಏನೇನು ಉಂಟು, ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದು ಯಾವುದು ಅಂತ ಮೊದಲು ಬರೆದು ತಾ ಅಂದೆ.

ವಾರ ಬಿಟ್ಟು ಫೋನ್ ಬಂತು. "ಬೇಲಿ ಮಾವ!" ಅಂದ.

ನಿಜವೇ. ಹಂದಿ, ಕಡವೆ, ಈಚೆಗೆ ಆನೆ ಅಂತ ನಮ್ಮ ಕಡೆ ತೋಟಗಳಿಗೆಲ್ಲ ಸೋಲಾರ್ ಬೇಲಿ ಹಾಕಿಸಿದ್ದಾರೆ. ಪುಟ್ಟ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ತಂತಿಗೆ ಕ್ಷಣ ಕ್ಷಣಕ್ಕೆ ಜಾಡಿಸುವ ಒಂದು ಎನರ್ಜೈಸರ್. ಹಾಕಿದವರು ಹಾಕಿ ಹೋದರು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಎಲ್ಲಾ ಶಕ್ತಿ ನೆಲಕ್ಕೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ. ಬ್ಯಾಟರಿ ಸತ್ತ ಮೇಲೆ ಸಿಟ್ಟಿನಲ್ಲಿ ಮನೆಯ ಕರೆಂಟನ್ನೇ ತಂತಿಗೆ ಕೊಡುವವರೂ ಇದ್ದಾರೆ. ಅದು ಅಪರಾಧ, ಆನೆಯೂ ಮನುಷ್ಯರೂ ಸತ್ತದ್ದುಂಟು. ಇವನು ಒಂದೇ ವಾರದಲ್ಲಿ ಹದಿನೇಳು ತೋಟ ಸುತ್ತಿ, ಹನ್ನೊಂದು ಕಡೆ ಬೇಲಿ ಸತ್ತಿದೆ ಅಂತ ಪಟ್ಟಿ ಮಾಡಿದ್ದಾನೆ. ನಾಲ್ಕು ಕಡೆ ಸರಿ ಮಾಡಿಯೂ ಆಯಿತಂತೆ. ವರ್ಷಕ್ಕೆ ಇಷ್ಟು ಅಂತ ಮಾತಾಡಿ, ತಿಂಗಳಿಗೊಮ್ಮೆ ಬಂದು ನೋಡುವ ಕರಾರು ಇಬ್ಬರ ಜೊತೆ ಆಗಿದೆ. ಅದರಲ್ಲೊಬ್ಬರು ಮಾಡಿಗೆ ಸೋಲಾರ್ ಹಾಕಿಸುವ ಬಗ್ಗೆಯೂ ವಿಚಾರಿಸಿದ್ದಾರೆ. ಅದನ್ನು ರೇಡಿಯೊ ಅಣ್ಣನಿಗೆ ಗುರುತಿದ್ದ ಒಬ್ಬ ನೋಂದಾಯಿತ ವೆಂಡರಿಗೆ ದಾಟಿಸಿ, ಕೂರಿಸುವ ಕೆಲಸ ಇವನು ಮಾಡುವುದು ಅಂತ ಮಾತಾಗಿದೆ. ಈ ಸಲ ಮುಂಗಡ ತೆಗೆದುಕೊಂಡಿದ್ದಾನೆ, ಬುದ್ಧಿ ಬಂದಿದೆ.

ನನಗೂ ಒಂದು ಕೆಲಸ ಹಚ್ಚಿದ್ದಾನೆ. ಎಸ್‌ಪಿ ರೋಡಿನಲ್ಲಿ ಕ್ಲ್ಯಾಂಪ್ ಮೀಟರ್ ತರಬೇಕಂತೆ. "ಅಗ್ಗದ್ದು ತರಬೇಡಿ ಮಾವ, ಅದರಲ್ಲಿ ಎಸಿ ಮಾತ್ರ ಬರ್ತದೆ. ಡಿಸಿ ಆಂಪ್ಸ್ ಅಂತ ಬರೆದದ್ದು ನೋಡಿ ತನ್ನಿ" ಅಂತ ಎರಡೆರಡು ಸಲ ಹೇಳಿದ್ದಾನೆ. ಈ ಶನಿವಾರ ಹೋಗಬೇಕು.